ಮಜಾ ಬಂದ್ರೇ ವ್ಯಾಯಾಮ ಅನ್ನೋ ಮಾತು ಎಲ್ಲರಿಗೂ ಹೊಂದಂಗಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪತ್ರಿಕಿಯ ಆರೋಗ್ಯ ಪುಟದಾಗ ವ್ಯಾಯಾಮದ ಬಗ್ಗೆ ಬಂದ ಬರಹ ಓದಿದೆ. ಖುಷಿ ಕೊಡೋ ವ್ಯಾಯಾಮನೇ ಆರಿಸ್ಕೋಬೇಕು, ಖುಷಿ ಇಲ್ಲದ್ದು ಭಾಳ ದಿನ ಉಳಿಯಂಗಿಲ್ಲ ಅಂತ ಅದರಾಗ ಹೇಳಿದ್ರು. ಈ ಮಾತು ಪುರಾ ಸುಳ್ಳು ಅಂತ ನಾನು ಅನ್ನಂಗಿಲ್ಲ. ಆದ್ರ ಕಲಬುರಗಿಯೊಳಗ ಫಿಸಿಯೋಥೆರಪಿ ಕೆಲ್ಸ ಮಾಡ್ಕೋತ ಇಷ್ಟು ವರ್ಷ ಆದ ಮ್ಯಾಲ ನನಗ ಕಂಡಿದ್ದು ಬ್ಯಾರೇನೇ ಅದ, ಮದಲ ಖುಷಿ ಸಿಗ್ಲಿ ಆಮ್ಯಾಲ ಶುರು ಮಾಡ್ತೀನಿ ಅಂತ ಕುಂತೋರು ಶುರುನೇ ಮಾಡಂಗಿಲ್ಲ, ಮತ್ತ ಒಂದೀಟೂ ಖುಷಿ ಇಲ್ದೆ ಮಾರಿ ಸಣ್ಣ ಮಾಡ್ಕೊಂಡು ಬಂದೋರು ಎಷ್ಟೋ ಮಂದಿ ವರ್ಷಗಟ್ಲೆ ನಡಸ್ಕೊಂಡು ಹೊಂಟಾರ. ಶುರುವಿನ್ಯಾಗ ಖುಷಿ ಇರ್ಲಿಲ್ಲಂದ್ರ ನಡೀತದ. ಹಿಂಸಿ ಇರಬಾರದು, ಅವಮಾನ ಇರಬಾರದು, ಇವೆರಡು ಇದ್ದಲ್ಲಿ ಮಾತ್ರ ಯಾರೂ ನಿಲ್ಲಂಗಿಲ್ಲ. ಇಷ್ಟು ಹೇಳ್ಲಾಕ ಈ ಪತ್ರ, ಜರಾ ಉದ್ದ ಆಗ್ಯಾದ, ದಯವಿಟ್ಟು ಜಾಗ ಮಾಡಿಕೊಡ್ರಿ.

ನಮ್ಮ ಹತ್ರ ಬರೋರು ಯಾರಂದ್ರ ಮೊಣಕಾಲ ನೋವಿನೋರು, ಭುಜ ಹಿಡ್ಕೊಂಡು ಕೈ ಮ್ಯಾಲ ಎತ್ಲಾಕ ಬರದೋರು, ಲಕ್ವಾ ಹೊಡೆದು ಒಂದು ಕಡಿ ಬಿದ್ದೋರು, ಮತ್ತ ಶುಗರ್ ಜಾಸ್ತಿ ಆಗಿ ಡಾಕ್ಟ್ರು ನಡೀರಿ ನಡೀರಿ ಅಂತ ಬೆನ್ನು ಹತ್ತಿ ಕಳಿಸಿದೋರು. ಇವರಿಗಿ ನಾವು ಕಲಸೋ ವ್ಯಾಯಾಮ ನೋಡಿದ್ರ ಅದರಾಗ ಮಜಾ ಹುಡುಕೋದು ಕಷ್ಟನೇ ಅದ. ಮೊಣಕಾಲ ಕೆಳಗ ಟವಲ್ ಸುರುಳಿ ಇಟ್ಟು ಒತ್ತಿ ಹಿಡೀಬೇಕು ಬಿಡಬೇಕು, ಗ್ವಾಡಿ ಮ್ಯಾಲ ಬೆರಳು ನಡಸ್ಕೋತ ಕೈ ಒಂದೀಟು ಒಂದೀಟು ಮ್ಯಾಲ ಒಯ್ಯಬೇಕು, ಖುರ್ಚಿ ಮ್ಯಾಲಿಂದ ಎದ್ದು ಕುಂದ್ರಬೇಕು, ಮತ್ತ ಅದನ್ನೇ ದಿನಾ ಮಾಡಬೇಕು. ಇದರಾಗ ಯಾರಿಗಿ ಖುಷಿ ಬರ್ತದ ಹೇಳ್ರಿ. ಆದ್ರೂ ಮಾಡೋರು ಮಾಡ್ತಾರ. ಯಾರು ಮಾಡ್ತಾರ ಅಂತ ನಾನು ಬರ್ತಾ ಬರ್ತಾ ಗಮನಿಸ್ಲಾಕತ್ತೆ. ಕಿರಾಣಿ ಅಂಗಡಿಯ ಒಬ್ಬ ಅಣ್ಣೋರು ಶಟರ್ ಎತ್ತೋಕಿಂತ ಮದಲ ಅಲ್ಲೇ ಕಟ್ಟಿ ಮ್ಯಾಲ ನಿಂತು ಹಿಮ್ಮಡಿ ಎತ್ತಿ ಇಳಸ್ತಾರ, ಒಬ್ಬ ರಿಟೈರ್ಡ್ ಟೀಚರ್ ಅಕ್ಕೋರು ಪೂಜಿ ಮುಗಿದ ತಕ್ಷಣ ದೇವರ ಮನಿ ಬಾಜೂಕಿನ ಗ್ವಾಡಿಗಿ ಕೈ ಹಚ್ಚಿ ಭುಜದ ವ್ಯಾಯಾಮ ಮುಗಸ್ತಾರ. ಇವರಿಬ್ಬರೂ ಒಂದು ದಿನಾನೂ ಮೇಡಂ ಭಾಳ ಮಜಾ ಬರ್ತದ ಅಂದಿಲ್ಲ. ದಿನಾ ಮಾಡೋ ಇನ್ನೊಂದು ಕೆಲ್ಸಕ್ಕ ಇದನ್ನ ಗಂಟು ಹಾಕ್ಯಾರ, ಶಟರ್ ಎತ್ತೋದು ತಪ್ಪಂಗಿಲ್ಲ, ಪೂಜಿ ತಪ್ಪಂಗಿಲ್ಲ, ಹಂಗಾಗಿ ಇದೂ ತಪ್ಪಂಗಿಲ್ಲ.

ಖುಷಿ ಬೇಕು ಅನ್ನೋರ ಕಡಿ ಆಧಾರ ಇಲ್ಲಂತಲ್ಲ, ಅದನ್ನ ಮರೆಮಾಚಿದ್ರ ಅನ್ಯಾಯ ಆಗ್ತದ. 2012ರಾಗ ಪೋರ್ಚುಗಲ್ಲಿನ ಸಂಶೋಧಕ ಪೆಡ್ರೊ ಟೆಶೇರಾ ಮತ್ತ ಅವರ ಜೊತಿಯೋರು ಆತನಕ ಬಂದಿದ್ದ ಅಧ್ಯಯನಗಳನ್ನ ಕೂಡ್ಸಿ ನೋಡಿ ಒಂದು ಮಾತು ಹೇಳ್ಯಾರ, ಬಹಳ ದಿನ ವ್ಯಾಯಾಮ ಹಿಡಿದು ನಡಸೋರೊಳಗ ಒಳಗಿಂದ ಬರೋ ಖುಷಿ ದೊಡ್ಡ ಪಾಲು ಇರ್ತದ ಅಂತ. ಆದ್ರ ಅದೇ ಬರಹದಾಗ ಇನ್ನೊಂದು ಮಾತೂ ಅದ, ಶುರು ಮಾಡ್ಲಾಕ ಮತ್ತ ಮೊದಮೊದಲ ದಿನ ದಾಟ್ಲಾಕ ಹೆಚ್ಚು ಕೆಲ್ಸಕ್ಕ ಬರೋದು ಖುಷಿ ಅಲ್ಲ, ಇದು ನನಗ ಬೇಕಾಗ್ಯಾದ, ನನ್ನ ಮೈಗಿ ಬೇಕಾಗ್ಯಾದ ಅನ್ನೋ ತಿಳುವಳಿಕಿ. ನಮ್ಮ ಆರೋಗ್ಯ ಬರಹಗಳೊಳಗ ಈ ಎರಡನೇ ಮಾತು ಬಿಟ್ಟು ಖುಷಿಯ ಮಾತು ಅಷ್ಟೇ ಬರ್ತದ. ಅದನ್ನ ಓದಿದ ಮಂದಿ ಏನು ಮಾಡ್ತಾರ, ಒಂದು ವಾರ ಪಾರ್ಕಿಗಿ ಹೋಗಿ ನೋಡಿ, ನನಗ ಯಾಕೋ ಮಜಾ ಬರ್ಲಿಲ್ಲ, ನನ್ನ ಮೈಗಿ ಇದು ಆಗಿ ಬರಂಗಿಲ್ಲ ಅಂತ ತೀರ್ಮಾನಕ್ಕ ಬಂದು ಬಿಡ್ತಾರ, ಆಮ್ಯಾಲ ಜುಂಬಾ, ಆಮ್ಯಾಲ ಸೈಕಲ್, ಆಮ್ಯಾಲ ಯೋಗ ಕ್ಲಾಸು, ಎಲ್ಲೆಲ್ಲೂ ಮದಲ ವಾರದಾಗ ಖುಷಿ ಸಿಗ್ಲಿ ಅಂತ ಹುಡಿಕಿ ಸುಸ್ತಾಗಿ ಮನ್ಯಾಗ ಕುಂದ್ರತಾರ. ಬಿಟ್ಟಿದ್ದಕ್ಕ ಅವರನ್ನ ಬೈದು ಉಪಯೋಗಿಲ್ಲ, ಅವರಿಗಿ ಹೇಳಿಕೊಟ್ಟಿದ್ದೇ ಹಂಗ.

ಇನ್ನ ಮದಲ ವಾರದಾಗ ಖುಷಿ ಯಾಕ ಬರಂಗಿಲ್ಲ ಅಂದ್ರ ಅದಕ್ಕ ಮೈಯೊಳಗ ಕಾರಣ ಅದ. ಪ್ಯಾಂಟೆಲಿಮನ್ ಎಕೆಕಾಕಿಸ್ ಅನ್ನೋ ಸಂಶೋಧಕರು ವರ್ಷಗಟ್ಲೆ ಇದನ್ನೇ ನೋಡ್ಯಾರ, ವ್ಯಾಯಾಮ ಮಾಡೋ ಹೊತ್ತಿನ್ಯಾಗ ಮನುಷ್ಯಾಗ ಹ್ಯಾಂಗ ಅನಸ್ತದ ಅಂತ ನಡುನಡುವೆ ಕೇಳಿ ಬರ್ಕೊಂಡಾರ. ಮೆಲ್ಲಕ ಮಾಡೋತನಕ ಹೆಚ್ಚಿನ ಮಂದಿಗಿ ಚೊಲೋನೇ ಅನಸ್ತದ, ಉಸಿರು ಮ್ಯಾಲಕ್ಕ ಹತ್ತಿ ಮಾತು ತುಂಡು ತುಂಡು ಆಗೋ ಮಟ್ಟ ದಾಟಿತಂದ್ರ ಆವಾಗ ಹೆಚ್ಚುಕಡಿಮಿ ಎಲ್ಲರಿಗೂ ತ್ರಾಸ ಶುರು ಆಗ್ತದ. ಇಪ್ಪತ್ತು ವರ್ಷ ಕುಂತು ಕೆಲ್ಸ ಮಾಡಿದೋರಿಗಿ ಈ ಮಟ್ಟ ಭಾಳ ಜಲ್ದಿ ಬರ್ತದ, ಬರೇ ಜೋರಾಗಿ ನಡೆದ್ರೇ ಬಂದು ಬಿಡ್ತದ. ಮುಗಿದ ಮ್ಯಾಲ ಎಲ್ಲರಿಗೂ ಹಗುರ ಅನಸ್ತದ ಖರೆ, ಆದ್ರ ಮರದಿನ ಮುಂಜಾನಿ ನೆನಪಾಗೋದು ಆ ಹಗುರ ಅಲ್ಲ, ಆ ತ್ರಾಸ.

ಹಂಗಿದ್ದಾಗ ಕೆಲವು ಜಿಮ್ಮಿನ್ಯಾಗ ಏನ್ ಮಾಡ್ತಾರ ನೋಡ್ರಿ. ಹೊಸದಾಗಿ ಬಂದ ಹುಡುಗಗ ಮದಲ ದಿನಾನೇ ಮೈ ಮುರಿಯೋಹಂಗ ಬೈಠಕ್ ಹೊಡಸ್ತಾರ, ಮರದಿನ ಆ ಹುಡುಗಗ ಪಾಯಖಾನಿಗಿ ಕುಂದ್ರಲಾಕ ಬರಂಗಿಲ್ಲ, ಮೆಟ್ಲು ಇಳೀಲಾಕ ಬರಂಗಿಲ್ಲ, ಅವನು ಒಂದು ತಿಂಗಳ ಫೀಸು ಹೋದ್ರ ಹೋಯ್ತು ಅಂತ ತಿರುಗಿ ಆ ಕಡಿ ಹಾಯಂಗಿಲ್ಲ. ನಮ್ಮ ಸಂಬಂಧಿಕರೊಳಗೇ ಇಂಥದ್ದು ಆಗ್ಯಾದ. ನಮ್ಮ ಕಡಿ ಹಳೇ ತಾಲೀಮಿನ್ಯಾಗ ಹಿಂಗ ಇರ್ಲಿಲ್ಲ. ಜಾತ್ರಿ ಕುಸ್ತಿಗಿ ತಯಾರಾಗೋ ಹುಡುಗರಿಗಿ ವಸ್ತಾದ ಮದಲ ಮಣ್ಣು ಅಗೆಯೋ ಕೆಲ್ಸ ಕೊಡ್ತಿದ್ದರು, ಕೆಂಪು ಮಣ್ಣು ಹಸನ ಮಾಡ್ಕೋತ ಅವರ ಮೈ ಹದಕ್ಕ ಬಂದ ಮ್ಯಾಲ ದಂಡ, ಆಮ್ಯಾಲ ಜೋಡಿ ಅಂದ್ರ ಎರಡೂ ಕೈಲೆ ಕಟ್ಟಿಗಿ ಗದಾ ತಿರುವೋದು, ಆಮ್ಯಾಲ ಕುಸ್ತಿ. ತ್ರಾಸ ಇರ್ತಿತ್ತು, ಆದ್ರ ಮೈ ತಡಕೊಳ್ಳೋವಷ್ಟೇ ಇರ್ತಿತ್ತು, ಮತ್ತ ಜೊತಿಗಿ ಅದೇ ಮಣ್ಣಾಗ ಹೊಳ್ಳಾಡೋ ಇನ್ನೂ ಹತ್ತು ಹುಡುಗರು ಇರ್ತಿದ್ದರು.

ನಾನು ಪೇಶೆಂಟಿಗಿ ಹೇಳೋದು ಸಾದಾ ಲೆಕ್ಕ ಅದ. ನಡಿಬೇಕಾದ್ರ ಬಾಜೂಕಿನೋರ ಜೊತಿ ಮಾತಾಡ್ಲಾಕ ಬರಬೇಕು, ಹಾಡು ಹಾಡ್ಲಾಕ ಬರಬಾರದು, ಅದು ಸರಿಯಾದ ಸ್ಪೀಡು. ಮಾತು ಬಂದ್ ಆಯ್ತಂದ್ರ ಸ್ಪೀಡು ಕಡಿಮಿ ಮಾಡ್ರಿ, ನಿಲ್ಲಬ್ಯಾಡ್ರಿ. ಇದೊಂದೇ ಬದಲಾವಣಿಯಿಂದ ನನಗ ವಾಕಿಂಗ್ ಅಂದ್ರ ಆಗಂಗಿಲ್ಲ ಅಂತಿದ್ದೋರು ದಿನಾ ಹೋಗ್ಲಾಕ ಶುರು ಮಾಡಿದ್ದನ್ನ ನೋಡೀನಿ. ಖುಷಿ ಬಂತು ಅಂತ ಅವರು ಹೇಳಂಗಿಲ್ಲ, ತ್ರಾಸ ಆಗಂಗಿಲ್ರಿ ಮೇಡಂ ಅಂತಾರ. ನನಗ ಅಷ್ಟು ಸಾಕು.

ಇನ್ನೊಂದು, ಖುಷಿ ಬರ್ತದೋ ಇಲ್ಲೋ ಅನ್ನೋದನ್ನ ನಾವು ಮುಂಚೇನೇ ತೂಗಿ ನೋಡ್ತೀವಲ್ಲ, ಆ ತೂಕನೇ ತಪ್ಪು ಇರ್ತದ. 2011ರಾಗ ಮ್ಯಾಥ್ಯೂ ರೂಬಿ ಮತ್ತ ಜೊತಿಯೋರು ಕೆನಡಾದಾಗ ಮಾಡಿದ ಅಧ್ಯಯನದ ಪ್ರಕಾರ ವ್ಯಾಯಾಮಕ್ಕಿಂತ ಮದಲ ಎಷ್ಟು ಖುಷಿ ಆಗಬಹುದು ಅಂತ ಕೇಳಿದ್ರ ಮಂದಿ ಕಡಿಮಿ ಹೇಳ್ತಾರ, ಮಾಡಿದ ಮ್ಯಾಲ ಕೇಳಿದ್ರ ಅದಕ್ಕಿಂತ ಜಾಸ್ತಿ ಹೇಳ್ತಾರ, ಯಾಕಂದ್ರ ಮದಲಿನ ಕೆಲವು ನಿಮಿಷದ ತ್ರಾಸಿನ ಮ್ಯಾಲೇನೇ ಅವರ ಚಿತ್ತ ನೆಟ್ಟಿರ್ತದ. ಮುಂಜಾನಿ ಐದಕ್ಕ ಹಾಸಗ್ಯಾಗ ಬಿದ್ದು ಇವತ್ತು ನನಗ ಖುಷಿ ಆಗ್ತದೇನು ಅಂತ ಕೇಳ್ಕೊಂಡ್ರ ಬರೋ ಉತ್ತರ ಯಾವತ್ತೂ ಇಲ್ಲ ಅಂತೇ ಇರ್ತದ. ಆ ಪ್ರಶ್ನಿ ಆ ಹೊತ್ತಿನ್ಯಾಗ ಕೇಳೋದೇ ಬ್ಯಾಡ.

ನಮ್ಮ ಆಯಿ ಅಫಜಲಪುರ ಕಡಿ ಹಳ್ಳಿಯೋಳು. ನಸುಕಿನ್ಯಾಗ ಎದ್ದು ಬೀಸುಕಲ್ಲಿಗಿ ಕುಂತು ಜ್ವಾಳ ಬೀಸ್ತಿದ್ದಳು, ಎದುರಿಗಿ ನಮ್ಮ ದೊಡ್ಡವ್ವ, ಇಬ್ಬರೂ ಕೂಡಿ ಹಾಡ್ಕೋತ ಬೀಸ್ತಿದ್ದರು. ಬೀಸೋ ಪದಗಳ ಬಗ್ಗೆ ಬರೆಯೋರು ಆ ಹಾಡಿನ ಚಂದದ ಬಗ್ಗೆ ಬರೀತಾರ, ಚಂದ ಇತ್ತು ಖರೆ. ಆದ್ರ ಅವರು ಎದ್ದಿದ್ದು ಹಾಡಿನ ಖುಷಿಗಲ್ಲ, ಹೊತ್ತು ಹೊಂಡೋದ್ರೊಳಗ ರೊಟ್ಟಿಗಿ ಹಿಟ್ಟು ಬೇಕಿತ್ತು. ಹಾಡು ತ್ರಾಸ ಕಮ್ಮಿ ಮಾಡ್ತಿತ್ತು ಅಷ್ಟೇ. ಊರಿಗಿ ಹಿಟ್ಟಿನ ಗಿರಣಿ ಬಂದ ಮ್ಯಾಲ ಆ ಹಾಡೂ ಹೋಯ್ತು ಕಲ್ಲೂ ಮೂಲಿಗಿ ಬಿತ್ತು, ಹಾಡು ಚಂದ ಅದ ಅಂತ ಯಾರೂ ಬೀಸ್ಕೋತ ಕೂಡ್ಲಿಲ್ಲ, ಕೂಡೋದೂ ಬ್ಯಾಡಿತ್ತು, ಆ ಭುಜದ ನೋವು ಎಂಥದ್ದಂತ ನನಗ ಗೊತ್ತದ. ಅಮೆರಿಕದ ಹಾರ್ವರ್ಡ್ ಯುನಿವರ್ಸಿಟಿಯ ಸಂಶೋಧಕ ಡೇನಿಯಲ್ ಲೀಬರ್ಮನ್ ಹೇಳೋದೂ ಇದೇ, ಮನುಷ್ಯ ಮೈ ದಣಿಸಿದ್ದು ಒಂದೋ ಗರಜು ಇದ್ದಾಗ, ಇಲ್ಲಂದ್ರ ಅದರಾಗ ಏನೋ ಲಾಭ ಖುಷಿ ಇದ್ದಾಗ, ಸುಮ್ಮಸುಮ್ಮನೆ ಆರೋಗ್ಯಕ್ಕಂತ ಓಡೋದು ನಮ್ಮ ಹಿರೇರಿಗಿ ಗೊತ್ತೇ ಇರ್ಲಿಲ್ಲ. ಈಗ ಗಿರಣಿ, ಮಿಕ್ಸರ್, ಬೋರಿನ ನೀರು, ಓಣಿ ತುದಿಗಿ ಹೋಗ್ಲಾಕೂ ಸ್ಕೂಟಿ. ಗರಜು ಹೋಗಿಬಿಟ್ಟದ. ಉಳಿದಿದ್ದು ಖುಷಿ ಒಂದೇ ಅಂತ ಆರೋಗ್ಯ ಪುಟದೋರು ಹೇಳ್ತಾರ, ನಾನು ಹೇಳೋದು ಗರಜನ್ನ ನಾವೇ ಕಟ್ಟಿಕೋಬಹುದು ಅಂತ.

ಹ್ಯಾಂಗ ಅಂದ್ರ, ಗೇಟಿನ ಮುಂದ ಯಾರೋ ನಮ್ಮ ದಾರಿ ಕಾಯ್ಲಾಕತ್ತಿದ್ರ ಅದೇ ಗರಜು. ಅಪ್ಪನ ಕೆರಿ ಸುತ್ತ, ಪಬ್ಲಿಕ್ ಗಾರ್ಡನಿನ್ಯಾಗ, ಯುನಿವರ್ಸಿಟಿ ಕಡಿ ಮುಂಜಾನಿ ಹೋಗಿ ನೋಡ್ರಿ, ವರ್ಷಗಟ್ಲೆ ತಪ್ಪದೆ ಬರೋರೊಳಗ ಭಾಳ ಮಂದಿ ಜೋಡಿ ಇಲ್ಲಾ ಗುಂಪು ಕಟ್ಕೊಂಡು ಬರ್ತಾರ. ನಮ್ಮ ಪೇಶೆಂಟ್ ಒಬ್ಬರು, ಅವರಿಗಿ ನಡೆಯೋದು ಮದ್ಲಿಂದನೂ ಸೇರಂಗಿಲ್ಲ, ಈಗೂ ಸೇರಂಗಿಲ್ಲ ಅಂತ ಬಾಯಿಬಿಟ್ಟು ಹೇಳ್ತಾರ. ಆದ್ರ ಓಣಿಯೊಳಗಿನ ನಾಲ್ಕು ಮಂದಿ ವೈನಿಗೋಳು ಬಾಗಿಲ ಮುಂದ ಬಂದು ವೈನಿ ಎದ್ರೇನ್ರಿ ಅಂತ ಕೂಗ್ತಾರ, ಇವರು ಹೋಗ್ಲಿಲ್ಲಂದ್ರ ಅವರು ಮನಿಯೊಳಗೇ ಬರ್ತಾರ. ಹಿಂಗಾಗಿ ಅವರ ಶುಗರೂ ಹತೋಟ್ಯಾಗ ಅದ, ಮೊಣಕಾಲೂ ನೆಟ್ಟಗ ಅದ. ಅವರಿಗಿ ಖುಷಿ ಇರೋದು ಆ ಮಾತುಕತಿಯೊಳಗ, ಸೊಸಿ ಮಗ ಮೊಮ್ಮಕ್ಕಳ ಸುದ್ದಿಯೊಳಗ, ಕಾಲು ಅದರ ಹಿಂದಿಂದ ನಡೀತಾವ.

ಖುಷಿ ಇಲ್ದೆ ಮನುಷ್ಯ ಎಷ್ಟು ನಡೀತಾನ ಅನ್ನೋದಕ್ಕ ನಮ್ಮ ಕಡಿ ತುಳಜಾಪುರ ಪಾದಯಾತ್ರಿ ನೋಡಿದ್ರ ಸಾಕು. ಸೀಗಿ ಹುಣ್ಣಿಮಿ ಹತ್ರ ಬಂತಂದ್ರ ಆಳಂದ ರೋಡ್ ಹಿಡಿದು ಅಂಬಾಭವಾನಿಗಿ ಹೋಗೋ ಮಂದಿ, ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ, ಗಂಡಸ್ರು ಹೆಣ್ಮಕ್ಕಳು ಸಣ್ಣ ಹುಡುಗರು, ಕೆಲವರು ಬರಿಗಾಲಲ್ಲಿ, ಅಂಗಾಲು ಪುರಾ ಬೊಬ್ಬಿ. ತಿರುಗಿ ಬಂದ ಮ್ಯಾಲ ಎಷ್ಟೋ ಮಂದಿ ಕಾಲು ಊದಿಸ್ಕೊಂಡು ನಮ್ಮ ಹತ್ರಾನೇ ಬರ್ತಾರ, ಮತ್ತ ಮುಂದಿನ ವರ್ಷ ಹೋಗೋದನ್ನ ಬಿಡಂಗಿಲ್ಲ. ನಂಬಿಕಿ ಮತ್ತ ಜೊತಿ ಇದ್ರ ಸುಖದ ಲೆಕ್ಕ ಹಿಂದಕ್ಕ ಸರೀತದ ಅನ್ನೋದು ಇದರಿಂದ ತಿಳೀತದ. ಆದ್ರ ಇದರಿಂದ ಇನ್ನೊಂದು ಸಂಗತೀನೂ ತಿಳೀತದ, ಅಷ್ಟು ನಡೆದ ಅದೇ ಮಂದಿ ಉಳಿದ ಹನ್ನೊಂದು ತಿಂಗಳು ಅಂಗಡಿಗಿ ಬಿ ನಡೆದು ಹೋಗಂಗಿಲ್ಲ. ಹರಕಿ ವರ್ಷಕ್ಕೊಮ್ಮೆ ತೀರ್ತದ, ರೂಢಿ ಆಗ್ಬೇಕಂದ್ರ ದಿನಾ ಅದೇ ಹೊತ್ತಿಗಿ ಅದೇ ಜಾಗದಾಗ ತಿರುತಿರುಗಿ ಆಗಬೇಕು.

ರೂಢಿಗಿ 21 ದಿನ ಸಾಕು ಅಂತ ವಾಟ್ಸಾಪಿನ್ಯಾಗ ಬರ್ತಿರ್ತದಲ್ಲ, ಅದನ್ನ ನಂಬಿ ಕೆಟ್ಟೋರು ಭಾಳ ಮಂದಿ. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತ ಜೊತಿಯೋರು 96 ಮಂದಿಯನ್ನ 12 ವಾರ ಗಮನಿಸಿ ಹೇಳಿದ್ದು ಏನಂದ್ರ, ಒಂದು ಕೆಲ್ಸ ತಾನೇ ತಾನಾಗಿ ನಡಿಯೋ ಮಟ್ಟಕ್ಕ ಬರ್ಲಾಕ ಸರಾಸರಿ 66 ದಿನ ಬೇಕು, ಅದೂ ಒಬ್ಬೊಬ್ಬರಿಗಿ ಒಂದೊಂದು ನಮೂನಿ, ಆ 12 ವಾರದ ಲೆಕ್ಕ ಮುಂದಕ್ಕ ಒಯ್ದು ಅಂದಾಜು ಮಾಡಿದ್ರ 18 ದಿನದಿಂದ ಹಿಡಿದು 254 ದಿನದ ತನಕ. ಊಟ ನೀರಿನ ಸಣ್ಣ ರೂಢಿಗಿಂತ ವ್ಯಾಯಾಮದ ರೂಢಿಗಿ ಹೆಚ್ಚು ದಿನ ಹಿಡೀತು. ನಡುವೆ ಒಂದು ದಿನ ತಪ್ಪಿದ್ರ ಏನೂ ಹಾಳಾಗಂಗಿಲ್ಲ ಅನ್ನೋದೂ ಆ ಅಧ್ಯಯನದಾಗೇ ಅದ. ಈ ಮಾತು ನಮ್ಮ ಮಂದಿಗಿ ಗೊತ್ತಾಗಬೇಕು, ಯಾಕಂದ್ರ ಒಂದು ದಿನ ಲಗ್ನಕ್ಕೋ ಕುಬಸಕ್ಕೋ ಹೋಗಿ ತಪ್ಪಿತಂದ್ರ ಎಲ್ಲಾ ಮುಗೀತು ಅಂತ ಬಿಟ್ಟು ಬಿಡೋರು ಭಾಳ ಮಂದಿ ಅದಾರ. ಶುಗರ್ ಇದ್ದೋರಿಗಿ ಮಾತ್ರ ನಾನು ಒಂದು ಗೆರಿ ಹಾಕ್ತೀನಿ, ಒಟ್ಟಿಗೇ ಎರಡು ದಿನಕ್ಕಿಂತ ಹೆಚ್ಚು ಗ್ಯಾಪ್ ಬ್ಯಾಡ, ವ್ಯಾಯಾಮದಿಂದ ಇನ್ಸುಲಿನ್ ಚೊಲೋ ಕೆಲ್ಸ ಮಾಡೋ ಗುಣ ಎರಡು ಮೂರು ದಿನದೊಳಗ ಇಳಿದು ಹೋಗ್ತದ. ನಮ್ಮ ದೇಶದಾಗ ಸುಮಾರು 10 ಕೋಟಿ ಮಂದಿಗಿ ಶುಗರ್ ಅದ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಾಗ ಹೇಳ್ಯಾದ, ಇವರಿಗಿ ಖುಷಿ ಬರೋತನಕ ಕಾಯ್ರಿ ಅನ್ಲಾಕ ಆಗಂಗಿಲ್ಲ, ಊಟ ಆದ ಮ್ಯಾಲ ಸ್ವಲ್ಪ ಹೊತ್ತು ನಡೆದ್ರ ರಕ್ತದಾಗಿನ ಶುಗರ್ ಏರೋದು ಕಡಿಮಿ ಆಗ್ತದ, ಅದು ಖುಷಿಲಿಂದ ನಡೆದ್ರೂ ಆಗ್ತದ ಬ್ಯಾಸರದಿಂದ ನಡೆದ್ರೂ ಆಗ್ತದ.

ಈಗ ನಮ್ಮ ಊರಿನ ದೊಡ್ಡ ತೊಡಕಿಗಿ ಬರ್ತೀನಿ, ಬೆಂಗಳೂರಿನ್ಯಾಗ ಕುಂತು ಬರೆಯೋರಿಗಿ ಇದು ಕಾಣಂಗಿಲ್ಲ. ಅದು ಬ್ಯಾಸಗಿ. ಏಪ್ರಿಲ್ ಮೇ ಬಂತಂದ್ರ ನಮ್ಮ ಕಲಬುರಗಿ ವಿಭಾಗದಾಗ ಸರ್ಕಾರಿ ಆಫೀಸಿನ ಟೈಮು ಮುಂಜಾನಿ 8ರಿಂದ ಮಧ್ಯಾಹ್ನ 1.30 ಆಗ್ತದ. ಬಿಸಿಲು 42, 43 ಡಿಗ್ರಿ ದಾಟೋ ಊರಾಗ ಅದು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರ ವರ್ಷಿಡೀ ಆರರಿಂದ ಏಳರ ತನಕ ನಡೆಯೋ ನೌಕರರಿಗಿ ಆ ಹೊತ್ತು ಹೋಗಿಬಿಡ್ತದ, ಹೆಣ್ಮಕ್ಕಳಿಗಿ ಡಬಲ್ ಹೋಗ್ತದ, ಯಾಕಂದ್ರ ಎಂಟರೊಳಗ ರೊಟ್ಟಿ ಬಡಿದು ಪಲ್ಯ ಮಾಡಿ ಡಬ್ಬಿ ಕಟ್ಟಿ ಆಫೀಸಿನ್ಯಾಗ ಇರಬೇಕು. ಸಂಜಿಗಿ ಹೋಗ್ತೀನಿ ಅಂದ್ರ ಆರಕ್ಕೂ ಹೊರಗ ಕಾಲಿಡ್ಲಾಕ ಆಗಂಗಿಲ್ಲ, ಡಾಂಬರ್ ರೋಡ್ ರಾತ್ರಿ ಒಂಬತ್ತರ ತನಕ ಝಳ ಉಗುಳ್ತದ. ಎರಡು ತಿಂಗಳು ರೂಢಿ ಕಡೀತದ. ಜೂನಿನ್ಯಾಗ ಟೈಮು ಮದಲಿನಂಗ ಆಗ್ತದ, ಮಳಿ ಬರ್ತದ, ಆದ್ರ ಬಿಟ್ಟ ಮಂದಿ ತಿರುಗಿ ಬರಂಗಿಲ್ಲ. ನಮ್ಮ ಕ್ಲಿನಿಕ್ಕಿನ್ಯಾಗ ಜೂನ್ ಜುಲೈಯೊಳಗ ಮೊಣಕಾಲ ನೋವಿನೋರು ಜಾಸ್ತಿ ಬರೋದು ನೋಡಿದ್ರ, ಅವರೊಳಗ ಎಷ್ಟೋ ಮಂದಿ ಮಾರ್ಚಿನ ತನಕ ಚೊಲೋ ನಡೀತಿದ್ದೋರೇ ಇರ್ತಾರ.

ಖುಷಿ ಇದ್ರೂ ಈ ಕಡಿತ ತಡಿಯಂಗಿಲ್ಲ ಅನ್ನೋದಕ್ಕ ಒಂದು ಅಧ್ಯಯನ ಅದ. ಅಮೆರಿಕದ ಕೇಟಿ ಮಿಲ್ಕ್‌ಮನ್ ಮತ್ತ ಜೊತಿಯೋರು 2014ರಾಗ ಪ್ರಕಟ ಮಾಡಿದ್ದು. ಮಂದಿಗಿ ಕೇಳ್ಲಾಕ ರೋಚಕ ಕಾದಂಬರಿ ಆಡಿಯೋ ಕೊಟ್ಟು ಅದನ್ನ ಜಿಮ್ಮಿನೊಳಗ ಮಾತ್ರ ಕೇಳೋಹಂಗ ಮಾಡಿದ್ರು, ಕತಿ ಮುಂದೇನಾಯ್ತು ಅಂತ ತಿಳೀಬೇಕಂದ್ರ ಜಿಮ್ಮಿಗಿ ಬರಬೇಕು. ಶುರುವಿನ್ಯಾಗ ಇವರು ಉಳಿದೋರಿಗಿಂತ 51 ಪರ್ಸೆಂಟ್ ಹೆಚ್ಚು ಸಲ ಬಂದ್ರು. ಖುಷಿ ಬೆರೆಸಿದ್ದು ಕೆಲ್ಸ ಮಾಡ್ತು. ಆಮ್ಯಾಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜಾ ಬಂತು, ರಜಾ ಮುಗಿಯೋದ್ರೊಳಗ ಆ ಫರಕ್ ಇಳಿದು ಹೋಯ್ತು. ಅವರಿಗಿ ಒಂದು ಹಬ್ಬದ ರಜಾ ಅಷ್ಟು ಮಾಡಿದ್ರ ನಮಗ ಎರಡು ತಿಂಗಳ ಬಿಸಿಲು ಎಷ್ಟು ಮಾಡಬೇಕು. ಹಂಗಾಗಿ ನಮ್ಮ ಊರಿನೋರು ಯಾವ ವ್ಯಾಯಾಮ ಇಷ್ಟ ಅಂತ ಕೇಳೋದರ ಜೊತಿಗಿ ಬ್ಯಾಸಗ್ಯಾಗ ಎಲ್ಲಿ ಯಾವಾಗ ಮಾಡ್ತೀನಿ ಅಂತನೂ ಮುಂಚೆನೇ ಕೇಳ್ಕೋಬೇಕು. ಮಾಳಗಿ ಮ್ಯಾಲ ಮಲಗೋ ಮಂದಿ ಎದ್ದ ಕೂಡ್ಲೆ ಹಾಸಿಗಿ ಸುತ್ತೋಕಿಂತ ಮದಲ ಅಲ್ಲೇ ಒಂದಿಷ್ಟು ಮಾಡಬಹುದು. ಹೊರಗ ಆಗಂಗಿಲ್ಲಂದ್ರ ಫ್ಯಾನಿನ ಕೆಳಗ ಖುರ್ಚಿ ಮ್ಯಾಲಿಂದ ಕೈ ಊರದೆ ಎದ್ದು ಕುಂದ್ರೋದು, ಗ್ವಾಡಿಗಿ ಕೈ ಹಚ್ಚಿ ದಂಡ ಹೊಡಿಯೋದು, ಮನ್ಯಾಗೇ ನಡಿಯೋದು, ಒಮ್ಮೆ ಐದು ನಿಮಿಷ ಆದ್ರೂ ನಡೀತದ. ಮದಲ ವಿಶ್ವ ಆರೋಗ್ಯ ಸಂಸ್ಥೆಯೋರು ಒಮ್ಮೆ ಶುರು ಮಾಡಿದ್ರ ಕನಿಷ್ಠ 10 ನಿಮಿಷ ಇರಬೇಕು ಅಂತಿದ್ದರು, 2020ರ ಹೊಸ ಸೂಚನೆಯೊಳಗ ಆ ಷರತ್ತು ತೆಗೆದಾರ, ವಾರಕ್ಕ ಒಟ್ಟು 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನ ಸ್ನಾಯುಗಳಿಗಿ ಬಲ ಬರೋ ವ್ಯಾಯಾಮ, ಅದನ್ನ ಹ್ಯಾಂಗ ಬೇಕಾದ್ರೂ ಹಂಚ್ಕೊಳ್ಳಬಹುದು. ಅದೇ ಹೊತ್ತು ಅದೇ ಜಾಗ ಇರ್ಲಿ, ಎರಡು ತಿಂಗಳು ಸಣ್ಣ ಆದ್ರೂ ಪರವಾಗಿಲ್ಲ, ದಾರ ಕಡೀಬಾರದು.

ಹೆಣ್ಮಕ್ಕಳ ಮಾತು ಬಿಟ್ರ ಈ ಪತ್ರ ಅರ್ಧನೇ ಆಗ್ತದ. 2024ರಾಗ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕ್ಯಾಗ ಬಂದ ಅಂದಾಜಿನ ಪ್ರಕಾರ ಭಾರತದಾಗ ಸುಮಾರು ಅರ್ಧ ಮಂದಿ ದೊಡ್ಡೋರು ಸಾಕಾಗೋವಷ್ಟು ಮೈ ದಣಸಂಗಿಲ್ಲ, ಹೆಣ್ಮಕ್ಕಳೊಳಗ 57 ಪರ್ಸೆಂಟ್, ಗಂಡಸ್ರೊಳಗ 42. ಹೆಣ್ಮಕ್ಕಳಿಗಿ ಮೈಗಳ್ಳತನ ಜಾಸ್ತಿ ಅಂತ ಇದನ್ನ ಓದಬ್ಯಾಡ್ರಿ. ಮನಿ ಕೆಲ್ಸದಾಗ ಕೈ ನಿಲ್ಲಂಗಿಲ್ಲ ಖರೆ, ಆದ್ರ ಆ ಕೆಲ್ಸ ಹೆಚ್ಚಿನದು ನಿಂತಲ್ಲೇ ನಿಂತು ಬಗ್ಗಿ ಮಾಡೋದು, ಕೈ ಮಣಿಕಟ್ಟು ಸೊಂಟ ದಣೀತಾವ, ಎದಿ ಬಡಿತ ಏರಂಗಿಲ್ಲ. ಮತ್ತ ಅವರಿಗಿ ನಿಮಗ ಖುಷಿ ಕೊಡೋದನ್ನ ಆರಿಸ್ಕೊರಿ ಅಂತ ಹೇಳಿದ್ರ ಎಲ್ಲಿಂದ ಆರಿಸ್ಕೋಬೇಕು, ಅವರ ಕೈಯಾಗ ಅವರದೇ ಅನ್ನೋ ಅರ್ಧ ತಾಸೇ ಇರಂಗಿಲ್ಲ. ಹೊರಗ ಹೊಂಟ್ರ ಬೀದಿ ದೀಪ ಹತ್ತಿರಂಗಿಲ್ಲ, ನಾಯಿಗೋಳು ಗುಂಪು ಕಟ್ಕೊಂಡು ಬರ್ತಾವ, ಬೈಕಿನ ಮ್ಯಾಲಿನ ಹುಡುಗರು ಏನಾರ ಅಂದು ಹೋಗ್ತಾರ, ದಪ್ಪ ಇದ್ದ ಹೆಣ್ಮಗಳು ಜೋರಾಗಿ ನಡೆದ್ರ ನಗೋರು ಇರ್ತಾರ. ನಾನು ಮದಲ ಹೇಳಿದ ಅವಮಾನ ಅಂದ್ರ ಇದೇ. ಒಬ್ಬಾಕಿ ಬೆಳಗ್ಗೆ ಎದ್ದು ಶೂ ಹಾಕ್ಕೊಂಡು ಧೈರ್ಯ ಮಾಡಿ ಬಂದಾಗ ಒಂದೇ ಒಂದು ಮಾತು ಆಕೀನ ತಿರುಗಿ ಮನ್ಯಾಗ ಕೂಡಸ್ತದ, ಆಕಿಗಿ ವ್ಯಾಯಾಮದ ಖುಷಿಯ ಬಗ್ಗೆ ಎಷ್ಟು ಪುಟ ಬರೆದ್ರೂ ಆಕಿ ಬರಂಗಿಲ್ಲ. ನಾಲ್ಕು ಮಂದಿ ಕೂಡಿ ಹೊಂಟ್ರ ಆ ಮಾತುಗಳು ಕಡಿಮಿ ಆಗ್ತಾವ, ಅದಕ್ಕೇ ನಾನು ಪೇಶೆಂಟಿಗಿ ಮದಲ ಜೋಡಿ ಹುಡುಕ್ಕೊರಿ ಅಂತೀನಿ, ಆಮ್ಯಾಲ ಶೂ.

ಶಾಲಿ ಬಗ್ಗೆ ಬರೀಲಾಕ ನನಗ ಸಿಟ್ಟೇ ಬರ್ತದ. ಹೋಂವರ್ಕ್ ಮಾಡ್ಲಿಲ್ಲಂದ್ರ ಬಸ್ಕಿ, ತಡಾ ಬಂದ್ರ ಗ್ರೌಂಡಿನ ಸುತ್ತ ರೌಂಡು, ಅದೂ ಎಲ್ಲಾ ಹುಡುಗರು ನೋಡ್ಲಾಕತ್ತಿರ್ತಾರ. ಹತ್ತು ವರ್ಷ ಹಿಂಗ ಕಲಿತ ಕೂಸಿಗಿ ಓಡೋದು ಬಸ್ಕಿ ಹೊಡಿಯೋದು ಅಂದ್ರ ಶಿಕ್ಷಾ ಅಂತೇ ಮೈಯೊಳಗ ಕುಂದ್ರತದ. ಇದೇ ಬಸ್ಕಿಯನ್ನೇ ನಾನು ಐವತ್ತು ವರ್ಷದೋರಿಗಿ ಮೊಣಕಾಲು ಗಟ್ಟಿ ಆಗ್ಲಿ ಅಂತ ಕಲಿಸ್ಲಾಕ ಹೋದ್ರ ಅವರಿಗಿ ನಾಚಿಕಿ ಆಗ್ತದ, ಏ ಮೇಡಂ ಸಾಲ್ಯಾಗ ಹೊಡಸ್ತಿದ್ದರಲ್ಲ ಅದೇನ್ರಿ ಅಂತಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗಿ ದೈಹಿಕ ಶಿಕ್ಷಾ ಕೊಡೋದನ್ನ ನಿಷೇಧ ಮಾಡ್ಯಾದ, ಅದನ್ನ ಬಡಿಗಿ ಏಟಿಗಷ್ಟೇ ಅಂತ ತಿಳ್ಕೊಂಡು ಕೂಡಬಾರದು. ಇನ್ನೊಂದು ಕಡಿ ಹತ್ತನೇ ಕ್ಲಾಸು ಬಂತಂದ್ರ ಪಿ.ಟಿ. ಪೀರಿಯಡ್ ಗಣಿತಕ್ಕ ಹೋಗ್ತದ, ಹೆಣ್ಹುಡುಗ್ಯಾರಿಗಂತೂ ಅದಕ್ಕಿಂತ ಮುಂಚೆನೇ ಹೋಗಿರ್ತದ. ಐದರಿಂದ ಹದಿನೇಳು ವರ್ಷದ ಮಕ್ಕಳಿಗಿ ದಿನಕ್ಕ ಸರಾಸರಿ 60 ನಿಮಿಷ ಮೈ ದಣಿಯೋ ಆಟ ಬೇಕು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆಯೋರು ಹೇಳ್ತಾರ. ಮಕ್ಕಳ ವಿಷಯದಾಗ ಮಾತ್ರ ನಾನು ನಿಮ್ಮ ಲೇಖಕರ ಮಾತು ಪುರಾ ಒಪ್ತೀನಿ, ಅವರಿಗಿ ಖುಷಿ ಇರ್ಲೇಬೇಕು, ಖೋಖೋ ಕಬಡ್ಡಿ ಲಗೋರಿ ಏನಾರ ಇರ್ಲಿ, ಶುಗರಿನ ಹೆದರಿಕಿ ಆ ವಯಸ್ಸಿಗಿ ಅರ್ಥ ಆಗಂಗಿಲ್ಲ, ಅವರನ್ನ ಮೈದಾನಕ್ಕ ಎಳಿಯೋದು ಆಟ ಒಂದೇ.

ದೊಡ್ಡೋರ ಲೆಕ್ಕ ಬ್ಯಾರೆ. ಅವರಿಗಿ ಕಾರಣ ಗೊತ್ತದ, ಹೆದರಿಕಿ ಗೊತ್ತದ, ಮಕ್ಕಳ ಮ್ಯಾಲೆ ಭಾರ ಆಗಬಾರದು ಅನ್ನೋ ಛಲ ಅದ. ಲಕ್ವಾ ಹೊಡೆದ ಒಬ್ಬ ಕಾಕಾ ನಮ್ಮ ಹತ್ರ ಬರ್ತಿದ್ದರು, ಬಲಗೈ ಬೆರಳು ಬಿಚ್ಚೋ ವ್ಯಾಯಾಮ ಮಾಡ್ಬೇಕಾದ್ರ ಕಣ್ಣಾಗ ನೀರು ಬರ್ತಿತ್ತು. ಅವರಿಗಿ ತಮ್ಮ ಕೈಲೆ ತಾವು ರೊಟ್ಟಿ ಮುರಿದು ತಿನ್ನಬೇಕಾಗಿತ್ತು, ಸೊಸಿ ಕೈಲೆ ತುತ್ತು ತಿನ್ನೋದು ಅವರಿಗಿ ತಡ್ಕೊಳ್ಳಾಕ ಆಗ್ತಿರ್ಲಿಲ್ಲ. ಬೆರಳು ಬಿಚ್ಚಿದ್ದು ಮದಲ ಕಂಡಾಗ ಅವರ ಮಾರಿ ಮ್ಯಾಲೆ ಖುಷಿ ಬಂತು, ಅಲ್ಲಿತನಕ ಒಂದು ದಿನಾನೂ ಬಂದಿರ್ಲಿಲ್ಲ. ಇಂಥೋರನ್ನ ದಿನಾ ನೋಡೋಳು ನಾನು, ಹಂಗಾಗಿ ಖುಷಿ ಇಲ್ಲದ್ದು ಉಳಿಯಂಗಿಲ್ಲ ಅಂತ ಅಚ್ಚಿನ್ಯಾಗ ಓದಿದ್ರ ನನಗ ಸುಮ್ಮ ಕೂಡ್ಲಾಕ ಆಗಂಗಿಲ್ಲ.

ಸಂಪಾದಕರಲ್ಲಿ ನನ್ನ ವಿನಂತಿ ಒಂದು ಅದ. ಬ್ಯಾಸಗಿ ವ್ಯಾಯಾಮದ ಬಗ್ಗೆ ಬರಹಗಳು ನಮ್ಮಲ್ಲಿ ಮೇ ತಿಂಗಳಾಗ ಬರ್ತಾವ, ಆವಾಗ ಬಿಟ್ಟೋರು ಬಿಟ್ಟಾಗಿರ್ತದ. ನಮ್ಮ ಭಾಗದ ಆವೃತ್ತಿಯೊಳಗ ಅದು ಮಾರ್ಚಿನ್ಯಾಗೇ ಬರ್ಲಿ, ಆಫೀಸ್ ಟೈಮು ಬದಲಾಗೋಕಿಂತ ಮದಲ, ಮನ್ಯಾಗ ಸೂರಿನ ಕೆಳಗ ಏನು ಮಾಡಬಹುದು ಅಂತ ಚಿತ್ರ ಹಾಕಿ ಬರ್ಲಿ. ಪಾಲಿಕೆಯೋರು ಇದನ್ನ ಓದ್ತಿದ್ರ ಅವರಿಗೂ ಹೇಳ್ತೀನಿ, ಆ ಎರಡು ತಿಂಗಳು ಪಾರ್ಕಿನ ಗೇಟು ಮುಂಜಾನಿ ನಾಲ್ಕೂವರಿಗೇ ತೆಗೀರಿ, ಒಳಗ ದೀಪ ಹತ್ತಿರ್ಲಿ, ಹೆಣ್ಮಕ್ಕಳಿಗಿ ಪಾಯಖಾನಿ ಬೀಗ ಹಾಕದೆ ಇರ್ಲಿ, ಎಂಟಕ್ಕ ಆಫೀಸಿಗಿ ಹೋಗೋ ಹೆಣ್ಮಗಳು ಐದೂವರಿಗಿ ನಡಿಗಿ ಮುಗಿಸಿ ಮನಿಗಿ ಹೋಗಿ ರೊಟ್ಟಿ ಬಡೀಬಹುದು.

ಇಂತಿ ನಿಮ್ಮ ಓದುಗಳು,
ಒಬ್ಬ ಫಿಸಿಯೋಥೆರಪಿಸ್ಟ್, ಕಲಬುರಗಿ